ಪಾಸಡೇನಾದ ಕೊನೆಯ ಒದೆ

1994ರ ಜುಲೈ 17ರಂದು ಅಮೆರಿಕದ ಪಾಸಡೇನಾದಲ್ಲಿ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಬ್ರೆಜಿಲ್ ಮತ್ತು ಇಟಲಿ ದೇಶಗಳು ವಿಶ್ವಕಪ್ ಕಾಲ್ಚೆಂಡಿನ ಅಂತಿಮ ಪಂದ್ಯವನ್ನಾಡಿದವು. ತೊಂಬತ್ತು ನಿಮಿಷಗಳು ಕಳೆದವು. ಮೇಲೆ ಮೂವತ್ತು ನಿಮಿಷಗಳನ್ನು ಕೊಟ್ಟದ್ದೂ ಆಯಿತು. ಒಂದು ಗೋಲೂ ಆಗಲಿಲ್ಲ. ಬ್ರೆಜಿಲಿನ ಒಂದು ಹೊಡೆತವು ಇಟಲಿಯ ಗೋಲ್‌ಕೀಪರ್ ಪಗ್ಲಿಯುಕಾನ ಕೈಯಿಂದ ಜಾರಿ ಕಂಬಕ್ಕೆ ಬಡಿದಾಗ ಆತ ಆ ಕಂಬಕ್ಕೇ ಮುತ್ತಿಟ್ಟನು! ವಿಶ್ವಕಪ್ಪಿನ ಅಂತಿಮ ಪಂದ್ಯವು ಪೆನಾಲ್ಟಿ ಒದೆಗಳಿಂದ ತೀರ್ಮಾನವಾದುದು ಅದೇ ಮೊದಲು.

ಇಟಲಿಯ ಐದನೆಯ ಒದೆಯನ್ನು ರಾಬರ್ಟೊ ಬ್ಯಾಜಿಯೊ ಗೋಲಿನ ಮೇಲಕ್ಕೆ ಹಾರಿಸಿದನು. ಸೋಲಿನ ಭಾರವೆಲ್ಲ ಅವನೊಬ್ಬನ ತಲೆಗೆ ಬಂದಿತು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ. ನಾಯಕ ಬರೇಸಿಯ ಮೊದಲ ಒದೆಯೂ ಮೇಲಕ್ಕೇ ಹಾರಿತ್ತು. (ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳು ತುಂಬುವ ಮೊದಲೇ ಆತ ಇಡೀ ಪಂದ್ಯ ಆಡಿದನೆಂಬುದು ಬೇರೆ ಮಾತು.) ಮಸ್ಸಾರೋನ ಒದೆಯನ್ನು ತಫರೆಲ್ ತಡೆದಿದ್ದನು. ಬ್ಯಾಜಿಯೊ ಬರುವ ಹೊತ್ತಿಗೆ ಬ್ರೆಜಿಲ್ 3-2ರಿಂದ ಮುಂದಿತ್ತು. ಅವನು ಗೋಲು ಹೊಡೆದಿದ್ದರೂ ಲೆಕ್ಕ ಸಮವಾಗುತ್ತಿತ್ತಷ್ಟೆ. ಬ್ರೆಜಿಲಿಗೆ ಇನ್ನೂ ಒಂದು ಒದೆ ಉಳಿದಿತ್ತು.

ಅಷ್ಟಕ್ಕೂ ಇಟಲಿಯನ್ನು ಪಾಸಡೇನಾದವರೆಗೆ ಕರೆತಂದವರಾರು? ನೈಜೀರಿಯ, ಸ್ಪೇನ್, ಬಲ್ಗೇರಿಯಗಳ ಎದುರು ಮೂರು ಪಂದ್ಯಗಳಲ್ಲಿ ಐದು ಗೋಲು ಹೊಡೆದ ಇದೇ ಬ್ಯಾಜಿಯೊ. ನೈಜೀರಿಯದೊಡನೆ ಎರಡೇ ನಿಮಿಷ ಉಳಿದಿದ್ದಾಗ, ಸೋಲುತ್ತಿದ್ದ ತಂಡವನ್ನು ಎತ್ತಿ ನಿಲ್ಲಿಸಿದವನೂ ಅವನೇ. ಆದರೂ ಜಗತ್ತು ಜೋಪಾನವಾಗಿ ಇಟ್ಟುಕೊಂಡದ್ದು ಅವನು ತಲೆ ತಗ್ಗಿಸಿ ಒಬ್ಬಂಟಿಯಾಗಿ ನಿಂತ ಚಿತ್ರವನ್ನು.

2006ರಲ್ಲಿ ಬರ್ಲಿನ್ನಿನಲ್ಲಿ ಇಟಲಿಯು ಫ್ರಾನ್ಸನ್ನು ಪೆನಾಲ್ಟಿ ಒದೆಗಳಿಂದಲೇ ಸೋಲಿಸಿತು. ಐದಕ್ಕೆ ಐದೂ ಗೋಲು. ಅಷ್ಟರಲ್ಲಿ ಬ್ಯಾಜಿಯೊ ಆಟದಿಂದ ನಿವೃತ್ತನಾಗಿ ಎರಡು ವರ್ಷಗಳಾಗಿದ್ದವು.