ಪೆಟ್ಟಿಗೆಯೊಳಗಿನ ಪರೀಕ್ಷಕ

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯನ್ನು ಅರಿಯದ ಕನ್ನಡ ಮನೆ ಅಪರೂಪ. 2002ರಲ್ಲಿ ಮೊದಲಾಗಿ ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ಕಂಡ ಈ ರಸಪ್ರಶ್ನೆಯಿಂದ ವೈದ್ಯರಾದ ನಾ. ಸೋಮೇಶ್ವರರು ಮನೆಮಾತಾದರು, ಸರಿಯುತ್ತರಕ್ಕೆ ಬಹುಮಾನವೆಂದರೆ ಪುಸ್ತಕ. ಆದರೆ ಮನೆಯಲ್ಲಿ ಕುಳಿತವರು ಎಷ್ಟು ಬೇಗ ಉತ್ತರ ಕೂಗಿದರೂ ಪೆಟ್ಟಿಗೆಗೆ ಕೇಳಿಸದಷ್ಟೆ!

ಈ ಕೊರಗನ್ನು ನೀಗಲು ಅಮೆರಿಕದಲ್ಲಿ ಒಂದು ಉಪಾಯ ನಡೆಯಿತು. ಮರ್ವ್ ಗ್ರಿಫಿನ್ ಎಂಬಾತ ರೂಪಿಸಿದ ‘ಜೆಪರ್ಡಿ’ (1964) ಮತ್ತು ‘ವೀಲ್ ಆಫ್ ಫಾರ್ಚೂನ್’ (1975) ಎಂಬ ದೂರದರ್ಶನ ಸ್ಪರ್ಧೆಗಳನ್ನು ಗೇಮ್‌ಟೆಕ್ ಸಂಸ್ಥೆಯು 1988ರಲ್ಲಿ ನಿಂಟೆಂಡೋ ಯಂತ್ರದ ಆಟಗಳನ್ನಾಗಿ ಮಾರಾಟಕ್ಕಿಟ್ಟಿತು. ಅವನ್ನು ಕಟ್ಟಿಕೊಟ್ಟವರು ಇಂಗ್ಲೆಂಡಿನ ರೇರ್ ಕಂಪನಿಯವರು. ಆ ಯಂತ್ರಕ್ಕೆ ಕೀಲಿಮಣೆಯಿಲ್ಲ. ಕೈಯಲ್ಲಿ ಕೂಡುಚಿಹ್ನೆಯಾಕಾರದ ಒಂದು ಗುಂಡಿ, ಜೊತೆಗೆ ಕೆಲವು ಚಿಕ್ಕ ಗುಂಡಿಗಳು. ಉತ್ತರ ತಿಳಿದಿದ್ದರೂ ತೆರೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಆರಿಸಬೇಕು. ಅತ್ತ ಗಡಿಯಾರ ಓಡುತ್ತಿರುತ್ತದೆ. ಬುದ್ಧಿಗಿಂತ ಹೆಬ್ಬೆರಳಿಗೇ ಪರೀಕ್ಷೆ ಎನ್ನಬೇಕು.

1993ರಲ್ಲಿ ಸೂಪರ್ ನಿಂಟೆಂಡೋಗೆ ಬಂದ ‘ಫ್ಯಾಮಿಲಿ ಫ್ಯೂಡ್’ ಆಟದ ಪರೀಕ್ಷಕನಂತೂ ಬಲು ಉದಾರಿ. ಸರಿಯುತ್ತರದ ಅಕ್ಷರಗಳು ಕ್ರಮವಾಗಿ ಬಂದರೆ ಸಾಕು, ನಡುವಿನ ಹೆಚ್ಚಿನ ಅಕ್ಷರಗಳನ್ನು ಅವನು ಲೆಕ್ಕಿಸನು. ‘ಸಿ, ಎ, ಟಿ’ ಎಂದು ಬೆಕ್ಕನ್ನು ಬಯಸುವೆಡೆ ‘ಚಾರಿಯಟ್’ ಎಂದು ರಥವನ್ನೇ ಬರೆದರೂ ಒಪ್ಪಿಯಾನು!

ಇದೇ ಆಟಗಳನ್ನು ನಮ್ಮ ನುಡಿಗೆ ತಂದರೆ? ‘ವೀಲ್ ಆಫ್ ಫಾರ್ಚೂನ್’ನಲ್ಲಿ ಮರೆಯಾದ ಪದದ ಅಕ್ಷರಗಳನ್ನು ಊಹಿಸಬೇಕು, ಸ್ವರ ಬೇಕಾದರೆ ಗಳಿಸಿದ ಹಣ ತೆತ್ತು ಕೊಳ್ಳಬೇಕು. ದೊಡ್ಡಬಳ್ಳಾಪುರವನ್ನು ಇಂಗ್ಲಿಷಿನಲ್ಲಿ ಬರೆದರೆ ಹದಿನಾಲ್ಕು ಮನೆ. ‘ಡಿ’ ಎಂದವನಿಗೆ ಮೂರು ತೆರೆದಾವು. ಕನ್ನಡದಲ್ಲಿ ಆರೇ ಮನೆ. ‘ಳ’ ಎಂದರೆ ‘ಳ್ಳಾ’ ತೆರೆಯಬೇಕೆ, ಬೇಡವೆ? ನಮ್ಮ ಸ್ವರಗಳು ಹದಿಮೂರಾದರೂ ಪದದ ನಡುವೆ ಅವು ಗುಣಿತದೊಳಗೆ ಅಡಗಿರುವುದರಿಂದ ಮಾರುವುದಾದರೂ ಏನನ್ನು? ನೆಲಮಂಗಲ ಸುಲಭ, ‘ಲ’ ಎಂದೊಡನೆ ಐದರಲ್ಲಿ ಎರಡು ಮನೆ ಬಯಲು. ಒತ್ತಕ್ಷರವನ್ನು ಇಡಿಯಾಗಿ ಹೇಳಿದವನಿಗೆ ಹೆಚ್ಚು ಅಂಕ ಕೊಡುವುದೇ ನ್ಯಾಯವೆಂದು ನನ್ನ ಎಣಿಕೆ. ಕಾಗುಣಿತ ಬಲ್ಲ ಅಜ್ಜಿಯರು ಆಗ ಮೊಮ್ಮಕ್ಕಳನ್ನು ಸೋಲಿಸಿಯಾರು.

2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಈ ತೊಡಕೇ ಇರಲಿಲ್ಲ. ಅಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿದರಾಯಿತು. ದೇವನಹಳ್ಳಿಯಲ್ಲಿ ಹುಟ್ಟಿದ ಸುಲ್ತಾನನಾರೆಂದು ಕೇಳಿದರೆ, ಟಿಪ್ಪುವಿನ ಹೆಸರನ್ನೇ ಕೇಳದವನಿಗೂ ಕಾಲುಪಾಲು ಅದೃಷ್ಟವುಂಟು.