ಬಾನೆಟ್ ಎತ್ತಿದ್ರೆ ಎಲ್ಲಾ ಕಾಣೋ ಕಾರು

ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಮೈಲೇಜ್ ಎಷ್ಟು ಅಂತ ಕೇಳಿದ್ರೆ ಮಾಲೀಕರು ನಕ್ಕು ಮಾತು ಬದಲಿಸ್ತಾರೆ. ಆದ್ರೂ ಹುಬ್ಬಳ್ಳಿ-ಧಾರವಾಡದ ರಸ್ತೆಯಲ್ಲಿ ಅಪರೂಪಕ್ಕೆ ಒಂದು ಪ್ರೀಮಿಯರ್ ಪದ್ಮಿನಿಯೋ ಅಂಬಾಸಿಡರೋ ಕಂಡ್ರೆ ಎಲ್ಲರ ಕತ್ತು ಆ ಕಡೆ ತಿರುಗುತ್ತೆ. ನಂಬರ್ ಪ್ಲೇಟ್ ನೋಡಿ, ಕೆಎ-25 ಇರಬಹುದು. ಹುಬ್ಬಳ್ಳಿಗೆ ಕೆಎ-63 ಅಂತ ಬೇರೆ ನಂಬರ್ ಬಂದಿದ್ದು ಆಮೇಲೆ. "ಯಾಕ್ರಿ ಸರ, ಮಾರಿಬಿಡ್ರಿ" ಅನ್ನೋರೇ ಜಾಸ್ತಿ ಇರುವಾಗ ಇಂಥ ಗಾಡಿಗೆ ಇಷ್ಟು ದುಡ್ಡು, ಇಷ್ಟು ಟೈಮ್ ಯಾಕೆ ಹಾಕ್ತಾರೆ?

ಸೆಂಟಿಮೆಂಟ್ ಒಂದು ಕಾರಣ, ಅದು ಸುಳ್ಳಲ್ಲ. ಇಟಲಿಯ ಫಿಯಟ್ 1100 ಕಾರನ್ನೇ ಮುಂಬೈನ ಪ್ರೀಮಿಯರ್ ಕಂಪನಿ ಇಲ್ಲಿ ತಯಾರಿಸ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಚಿತ್ತೋಡದ ರಾಣಿ ಪದ್ಮಿನಿಯ ಹೆಸರಿಟ್ಟರು. 1983ರ ಕೊನೆಗೆ ಮಾರುತಿ 800 ಬರೋವರೆಗೆ ಜನರಿಗೆ ಇದ್ದ ಆಯ್ಕೆ ಎರಡು-ಮೂರು ಕಾರು ಅಷ್ಟೇ, ಅದಕ್ಕೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಂಗೆ ಕಾದು ತಂದ ಅಜ್ಜನ ಕಾರನ್ನು ಗುಜರಿಗೆ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ?

ಆದರೆ ನಮ್ಮಂಥ ಇಂಜಿನಿಯರಿಂಗ್ ಸ್ಟೂಡೆಂಟ್ಸ್‌ಗೆ ಇದಕ್ಕಿಂತ ಒಳ್ಳೆ ಉತ್ತರ ಬಾನೆಟ್ ಕೆಳಗೆ ಇದೆ. ಹೊಸ ಕಾರಿನ ಬಾನೆಟ್ ಎತ್ತಿದ್ರೆ ಕಾಣೋದು ದೊಡ್ಡ ಪ್ಲಾಸ್ಟಿಕ್ ಕವರ್. ಪದ್ಮಿನಿಯಲ್ಲಿ 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಸುತ್ತ ಕೈ ಹಾಕುವಷ್ಟು ಜಾಗ, ಒಂದೊಂದು ಪಾರ್ಟೂ ಬೆರಳಿಟ್ಟು ತೋರಿಸಬಹುದು. ಕಾರ್ಬುರೇಟರ್ ತಗೊಳ್ಳಿ. ಗಾಳಿ ಹೋಗೋ ದಾರಿ ಮಧ್ಯದಲ್ಲಿ ಸಣ್ಣದಾಗುತ್ತೆ, ಅಲ್ಲಿ ವೇಗ ಏರಿ ಒತ್ತಡ ಇಳಿಯುತ್ತೆ, ಆ ಒತ್ತಡದ ವ್ಯತ್ಯಾಸಕ್ಕೆ ಪೆಟ್ರೋಲ್ ಜೆಟ್‌ನಿಂದ ಮೇಲೆದ್ದು ಗಾಳಿಯಲ್ಲಿ ಬೆರೆಯುತ್ತೆ. ಹೌದು, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ ಅದೇ ವೆಂಚುರಿ, ಅದೇ ಬರ್ನೌಲಿ! ಚಳಿಗಾಲದ ಬೆಳಿಗ್ಗೆ ಚೋಕ್ ಎಳೀತಾರಲ್ಲ, ಅದು ಗಾಳಿಯ ದಾರಿ ಮುಚ್ಚಿ ಪೆಟ್ರೋಲ್ ಪ್ರಮಾಣ ಹೆಚ್ಚಿಸೋದು. ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ, ಅದಕ್ಕೆ.

ಸ್ಪಾರ್ಕ್ ಕಥೆ ಇನ್ನೂ ಚೆಂದ. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಅನ್ನೋ ಪುಟ್ಟ ಸ್ವಿಚ್ ಇದೆ. ಕ್ಯಾಮ್ ತಿರುಗಿ ಅದನ್ನು ತೆರೆದಾಗ ಕಾಯಿಲ್‌ನ ಕರೆಂಟ್ ಥಟ್ಟನೆ ನಿಲ್ಲುತ್ತೆ, ಅಯಸ್ಕಾಂತ ಕ್ಷೇತ್ರ ಕುಸಿಯುತ್ತೆ, ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತೆ. ಇದು ಫ್ಯಾರಡೆ ಹೇಳಿದ್ದೇ. ಆ ಪಾಯಿಂಟ್‌ನ ಗ್ಯಾಪ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ. ಫೀಲರ್ ಗೇಜ್ ಇದ್ರೆ ಮನೆ ಮುಂದೆ ನಿಂತು ನೀವೇ ಸೆಟ್ ಮಾಡಬಹುದು. ಅನುಭವಸ್ಥ ಮಿಸ್ತ್ರಿಗಳು ಐಡ್ಲಿಂಗ್ ಸದ್ದು ಕೇಳಿಯೇ ಸ್ಕ್ರೂ ತಿರುಗಿಸ್ತಾರೆ. ಹೊಸ ಕಾರು ಕೆಟ್ರೆ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಹತ್ತುತ್ತೆ, ಸ್ಕ್ಯಾನರ್ ಇರೋ ಕಡೆ ಹೋಗಬೇಕು. ಹಳೇ ಕಾರಿನವರು ಗಾಡಿಗೆ ಬರೀ ಮಾಲೀಕರಲ್ಲ, ಅದರ ಕಾಯಿಲೆ ಗೊತ್ತಿರೋ ಮನೆ ಡಾಕ್ಟರೂ ಹೌದು. ಈ ಹುಚ್ಚಿನ ಮೂಲ ಇಲ್ಲೇ ಇದೆ ಅಂತ ನಮ್ಮ ಅಭಿಪ್ರಾಯ.

ಹಂಗಂತ ಹಳೇದೆಲ್ಲಾ ಬಂಗಾರ ಅಂತ ನಾವು ಹೇಳ್ತಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಏರ್‌ಬ್ಯಾಗ್ ಇಲ್ಲ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ದಿನಾ ಹೈವೇಯಲ್ಲಿ ಓಡಿಸೋ ಗಾಡಿ ಇದಲ್ಲ.

ಕಾನೂನಿನ ಪ್ರಕಾರ ಇವು ಅತಂತ್ರ. 2021ರ ನಿಯಮದಂತೆ ಮೊದಲ ನೋಂದಣಿ ಆಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿ ಮಾತ್ರ ವಿಂಟೇಜ್. ಅದಕ್ಕೆ "ವಿಎ" ಅಕ್ಷರ ಇರೋ ಬೇರೆ ನಂಬರ್, ಪ್ರದರ್ಶನ-ರ‍್ಯಾಲಿಯಂಥ ಕೆಲಸಕ್ಕೆ ಮಾತ್ರ ರಸ್ತೆ. 1985ರ ಪದ್ಮಿನಿ ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕು. ಮೊದಲು 600 ರೂಪಾಯಿ ಇದ್ದ ಆ ಫೀ 2022ರ ಏಪ್ರಿಲ್‌ನಲ್ಲಿ 5,000 ಆಯ್ತು.

ಅದಕ್ಕಿಂತ ದೊಡ್ಡ ತಲೆನೋವು ಬಂಕ್‌ನಲ್ಲಿದೆ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೂ ಎಥೆನಾಲ್ ಇರುತ್ತೆ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿಗೆ ಅದು ಒಳ್ಳೇದೇ. ಆದ್ರೆ ಹಳೇ ರಬ್ಬರ್ ಪೈಪು, ಸೀಲುಗಳು ಎಥೆನಾಲ್‌ಗೆ ಅಂತ ಮಾಡಿದ್ದಲ್ಲ, ನಿಧಾನಕ್ಕೆ ಹಾಳಾಗ್ತವೆ. ಎಥೆನಾಲ್ ಒಳಗೇ ಆಕ್ಸಿಜನ್ ಇರೋದ್ರಿಂದ ಮಿಶ್ರಣವೂ ತೆಳುವಾಗುತ್ತೆ. ಹೊಸ ಕಾರಿನ ಸೆನ್ಸರ್ ಅದನ್ನು ಕಂಡುಹಿಡಿದು ಸರಿ ಮಾಡುತ್ತೆ, ಕಾರ್ಬುರೇಟರ್‌ಗೆ ಗೊತ್ತಾಗಲ್ಲ. ಪೈಪ್ ಬದಲಿಸಿ, ಸ್ವಲ್ಪ ದೊಡ್ಡ ಜೆಟ್ ಹಾಕಿ ಟ್ಯೂನ್ ಮಾಡಬೇಕು. ಅಂದ್ರೆ ಕಾರು ಉಳಿಯೋದು ಅದನ್ನು ಮಾಡೋ ಕೈ ಉಳಿದ್ರೆ ಮಾತ್ರ. ಆ ಕೈಗಳಿಗೆ ಈಗ ವಯಸ್ಸಾಗ್ತಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಪಾಯಿಂಟ್ ಸೆಟ್ ಮಾಡೋ ಪ್ರಯೋಗ ಇಲ್ಲ.

ಹತ್ತಾರು ಹಳೇ ಕಾರು ಒಟ್ಟಿಗೆ ನೋಡಬೇಕಂದ್ರೆ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಮ್ಯೂಸಿಯಂ ಇದೆ. ಆದ್ರೆ ಅಲ್ಲಿ ಬಾನೆಟ್ ಎತ್ತಿ ನೋಡೋ ಹಾಗಿಲ್ಲ. ಅದಕ್ಕೆ ಊರಲ್ಲೇ ಒಂದು ಪದ್ಮಿನಿ ನಿಂತಿದ್ದು ಕಂಡ್ರೆ, "ಕಾಕಾರ, ಸ್ವಲ್ಪ ಬಾನೆಟ್ ತೆಗೀತೀರೇನ್ರಿ?" ಅಂತ ಕೇಳಿ ನೋಡಿ. ಒಂದು ತಾಸು ಫ್ರೀ ಇಟ್ಕೊಂಡು ಕೇಳಿ. ಇಂಜಿನ್ ಬಿಸಿ ಇದ್ರೆ ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಬೇಡಿ.