ಓವನ್ ಬೇಡ, ಪಾಕವೂ ಬೇಡ: ಪಂಚಮಿಯ ಶೇಂಗಾ ಉಂಡಿ

ಓವನ್ ಇಲ್ಲದೆ ಬಿಸ್ಕತ್ತು ಮಾಡಬೇಕಾ? ನಮ್ಮ ಹೊಸಪೇಟೆ, ಕಂಪ್ಲಿ ಕಡೆ ನಾಗರ ಪಂಚಮಿಗೆ ಕಟ್ಟೋ ಶೇಂಗಾ ಉಂಡಿಯಿಂದಲೇ ಶುರು ಮಾಡಿ.

2 ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರೀರಿ. ಇಲ್ಲಿ ಅವಸರ ಬೇಡವೇ ಬೇಡ, ಒಳಗೆ ಹಸಿ ಉಳಿದರೆ ರುಚಿ ಹೋಯ್ತು. ಆರಿದ ಮೇಲೆ ಉಜ್ಜಿ, ಸಿಪ್ಪೆ ಕೇರಿ, ತರಿತರಿಯಾಗಿ ಕುಟ್ಟಿ. 1 ಬಟ್ಟಲು ಪುಡಿಬೆಲ್ಲ, ಏಲಕ್ಕಿ ಹಾಕಿ ಮತ್ತೆ ಕುಟ್ಟಿ, ಉಂಡಿ ಕಟ್ಟಿ.

ಶೇಂಗಾ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಕುಟ್ಟಿದಂತೆ ಅದು ಹೊರಬಂದು, ಬೆಲ್ಲದ ಅಂಟಿನ ಜೊತೆ ಸೇರಿ ಪುಡಿಯನ್ನ ಹಿಡಿದು ನಿಲ್ಲಿಸುತ್ತೆ. ಅದಕ್ಕೇ ಪಾಕ ಬೇಕಿಲ್ಲ. ನೀರಂತೂ ಮುಟ್ಟಿಸಬೇಡಿ, ಬೇಗ ಕೆಡುತ್ತೆ.

ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಜಿಡ್ಡು ಮುದ್ದೆಯಾಗುತ್ತೆ.

ಬಿಸ್ಕತ್ತಿನ ಆಕಾರವೇ ಬೇಕಾ? ತುಪ್ಪ ಸವರಿದ ತಟ್ಟೆಗೆ ಗಟ್ಟಿಯಾಗಿ ಒತ್ತಿ, ಚಾಕುವಿನಿಂದ ಕೊಯ್ಯಿರಿ.